ಐವರ್ನಾಡಿನಿಂದ ಮೇಲ್ಮನೆಗೆ: ಸಂವಿಧಾನದ 171ನೇ ವಿಧಿಗೊಂದು ವ್ಯಾಖ್ಯಾನ

(ಸಾಲುಗಳ ತಾತ್ಪರ್ಯವನ್ನಷ್ಟೇ ಸರಳಗನ್ನಡದಲ್ಲಿ ಕೊಟ್ಟಿದೆ.)

171(3)(ಎ): ಪರಿಷತ್ತಿನ ಸುಮಾರು ಮೂರನೇ ಒಂದು ಪಾಲನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರು ಆರಿಸಬೇಕು.

ಕರ್ನಾಟಕ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 25 ಹೀಗೆ ತುಂಬುತ್ತವೆ. ದಕ್ಷಿಣ ಕನ್ನಡ, ಉಡುಪಿ ಎರಡೂ ಸೇರಿ ಒಂದು ಕ್ಷೇತ್ರ, ಸ್ಥಾನ ಎರಡು. ಸುಳ್ಯ ತಾಲೂಕಿನ ಐವರ್ನಾಡು ಗ್ರಾಮ ಪಂಚಾಯತ್ ಸದಸ್ಯರಿಗೂ ಇಲ್ಲಿ ಮತವಿದೆ. ಗ್ರಾಮ ಪಂಚಾಯತ್ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ. ಕುಡಿಯುವ ನೀರು, ರಸ್ತೆ, ದಾರಿದೀಪಕ್ಕೆಂದು ನಾವು ಗೆಲ್ಲಿಸಿದವರೇ ಮುಂದೆ ಮೇಲ್ಮನೆಯಲ್ಲಿ ಪಕ್ಷಗಳ ಬಲಾಬಲ ತೀರ್ಮಾನಿಸುತ್ತಾರೆ. ಇದನ್ನು ನಮ್ಮೂರುಗಳಲ್ಲಿ ಯಾರೂ ಸಾಕಷ್ಟು ಬಿಡಿಸಿ ಹೇಳುವುದಿಲ್ಲ. 2021ರ ಡಿಸೆಂಬರಿನಲ್ಲಿ ಆ 25ರಲ್ಲಿ ಬಿಜೆಪಿಗೆ 11, ಕಾಂಗ್ರೆಸ್ಸಿಗೆ 11, ಜೆಡಿಎಸ್‌ಗೆ 2, ಪಕ್ಷೇತರರಿಗೆ 1 ಬಂದವು.

(ಬಿ), (ಸಿ): ಪದವೀಧರರಿಂದ ಹನ್ನೆರಡನೇ ಒಂದು, ಶಿಕ್ಷಕರಿಂದ ಅಷ್ಟೇ.

ನಮ್ಮಲ್ಲಿ ತಲಾ ಏಳು.

(ಡಿ): ಮತ್ತೊಂದು ಮೂರನೇ ಪಾಲನ್ನು ಶಾಸಕರು ಆರಿಸಬೇಕು.

ವಿಧಾನಸಭೆಯ ಗಾಳಿ ಮೇಲ್ಮನೆಗೆ ಬೀಸುವುದು ಮುಖ್ಯವಾಗಿ ಈ ಬಾಗಿಲಿನಿಂದ. 2023ರಲ್ಲಿ 135 ಸ್ಥಾನ ಗೆದ್ದ ಕಾಂಗ್ರೆಸ್, 2024ರ ಜೂನಿನಲ್ಲಿ ಈ ವರ್ಗದ 11 ಸ್ಥಾನಗಳಲ್ಲಿ 7 ಪಡೆಯಿತು.

171(4): ಪ್ರಮಾಣಾನುಗುಣ ಪ್ರಾತಿನಿಧ್ಯ, ವರ್ಗಾವಣೀಯ ಏಕಮತ.

ಇಲ್ಲಿ ಮತಯಂತ್ರವಿಲ್ಲ. ಕಾಗದದ ಮತಪತ್ರದಲ್ಲಿ, ಅಧಿಕಾರಿ ಕೊಟ್ಟ ನೇರಳೆ ಸ್ಕೆಚ್ ಪೆನ್ನಿನಿಂದಲೇ 1, 2 ಎಂದು ಪ್ರಾಶಸ್ತ್ಯ ಬರೆಯಬೇಕು. ಎರಡು ಸ್ಥಾನವಿದ್ದಾಗ ಸಿಂಧು ಮತಗಳ ಮೂರನೇ ಒಂದು ಪಾಲು ದಾಟಿದರೆ ಗೆಲುವು. ಹಾಗಾಗಿಯೇ 2021ರಲ್ಲಿ ಬಿಜೆಪಿಯ ಕೋಟ ಶ್ರೀನಿವಾಸ ಪೂಜಾರಿ, ಕಾಂಗ್ರೆಸ್ಸಿನ ಮಂಜುನಾಥ ಭಂಡಾರಿ ಇಬ್ಬರೂ ಗೆದ್ದರು. ಕೋಟ ಸಂಸದರಾದ ಬಳಿಕ 2024ರ ಅಕ್ಟೋಬರಿನಲ್ಲಿ ನಡೆದದ್ದು ಒಂದೇ ಸ್ಥಾನದ ಉಪಚುನಾವಣೆ. ಅರ್ಧಕ್ಕಿಂತ ಹೆಚ್ಚು ಮತ ಬೇಕು. ಬಿಜೆಪಿಯ ಕಿಶೋರ್ ಕುಮಾರ್ ಪುತ್ತೂರು ಗೆದ್ದರು.

172(2): ಪರಿಷತ್ತು ವಿಸರ್ಜನೆಯಾಗದು, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಪಾಲು ನಿವೃತ್ತಿ.

ಎಲ್ಲಕ್ಕಿಂತ ತೂಕದ ಸಾಲು ಇದು. ಸರ್ಕಾರ ಬದಲಾದರೂ ಮೇಲ್ಮನೆ ಕೂಡಲೇ ಬದಲಾಗದು. ಆದಾಯ ಕೋಟಿ ರೂಪಾಯಿ ಮೀರಿದ ಮುಜರಾಯಿ ದೇವಸ್ಥಾನಗಳಿಂದ ಶೇ. 10 ಪಡೆಯುವ ಮಸೂದೆಯನ್ನು ವಿಧಾನಸಭೆ ಒಪ್ಪಿದರೂ, ಬಿಜೆಪಿ–ಜೆಡಿಎಸ್ ಬಲ ಹೆಚ್ಚಿದ್ದ ಪರಿಷತ್ತು 2024ರ ಫೆಬ್ರವರಿ 23ರಂದು ತಿರಸ್ಕರಿಸಿತು. ಪಕ್ಕದ ಕಡಬ ತಾಲೂಕಿನ ಕುಕ್ಕೆ ಸುಬ್ರಹ್ಮಣ್ಯಕ್ಕೂ ತಟ್ಟುವ ವಿಷಯವದು. ವಿಧಾನಸಭೆ ಅದನ್ನು ಮತ್ತೊಮ್ಮೆ ಅಂಗೀಕರಿಸಬೇಕಾಯಿತು. ಮಸೂದೆ ಸರಿಯೋ ತಪ್ಪೋ, ಎರಡನೇ ಸಲ ಯೋಚಿಸುವಂತೆ ಮಾಡುವುದು ಮೇಲ್ಮನೆಯ ಧರ್ಮವೇ.

ನಮ್ಮ ಎರಡು ಸ್ಥಾನಗಳ ಅವಧಿ 2028ರ ಜನವರಿಗೆ ಮುಗಿಯುತ್ತದೆ. ಪಂಚಾಯತ್ ಮತ ಕೇಳಲು ಮನೆಗೆ ಬಂದವರಲ್ಲಿ, ಪರಿಷತ್ತಿಗೆ ಎಂಥವರನ್ನು ಕಳುಹಿಸುತ್ತೀರಿ ಎಂದೂ ದಯವಿಟ್ಟು ಕೇಳಿ.