ಹಗ್ಗ ಗಟ್ಟಿ, ಬಾಗಿಲು ಸಡಿಲ

ಕಾಯ್ದೆ ಪುಸ್ತಕವನ್ನು ಓದುವ ಸುಖಕ್ಕೆಂದು ಯಾರೂ ಕೈಗೆತ್ತಿಕೊಳ್ಳುವುದಿಲ್ಲ. ಆದರೂ 1948ರ ಕಾರ್ಖಾನೆಗಳ ಕಾಯ್ದೆಯ 28ನೇ ಕಲಮು ಓದುವಂತಿದೆ. ಲಿಫ್ಟಿನ ಕ್ಯಾಬಿನ್ ಮಹಡಿಗೆ ಬಂದು ನಿಲ್ಲದೆ ಆ ಮಹಡಿಯ ಬಾಗಿಲು ತೆರೆಯಬಾರದು; ಬಾಗಿಲು ಮುಚ್ಚದೆ ಲಿಫ್ಟ್ ಕದಲಬಾರದು. ಸರಕಿನ ಲಿಫ್ಟಿಗೂ ಇದೇ ಮಾತು. ಬರೆದವರಿಗೆ ಸಾವು ಎಲ್ಲಿಂದ ಬರುತ್ತದೆಂದು ಗೊತ್ತಿತ್ತು.

ನಮ್ಮ ಭಯ ಮಾತ್ರ ಇನ್ನೂ ಹಗ್ಗದ ಮೇಲೇ ಇದೆ. ಹಗ್ಗ ಕಡಿದರೂ ಲಿಫ್ಟ್ ಬೀಳದಂತೆ ತಡೆಯಬಹುದೆಂದು ಎಲಿಷಾ ಓಟಿಸ್ 1854ರಲ್ಲೇ ನ್ಯೂಯಾರ್ಕಿನಲ್ಲಿ ತಾನೇ ಅದರ ಮೇಲೆ ನಿಂತು ತೋರಿಸಿದ್ದ. ಕ್ಯಾಬಿನ್ ಕೆಳಗಿರುವಾಗ ಮೇಲಿನ ಬಾಗಿಲು ತೆರೆದಿದ್ದರೆ ಹಗ್ಗ ಗಟ್ಟಿಯಿದ್ದು ಏನು ಬಂತು?

ಆಚರಣೆಯಲ್ಲಿ ಆಗುವುದು ಹೀಗೆ. ಜಾಲರಿ ಬಾಗಿಲು ಸರಿಯಾಗಿ ಕೂರದಿದ್ದರೆ ಲಿಫ್ಟ್ ಏಳುವುದಿಲ್ಲ. ಲೋಡಿನ ಅವಸರದಲ್ಲಿ ಅದು ರೇಜಿಗೆ. ಯಾರೋ ಬಾಗಿಲಿನ ಸ್ವಿಚ್ಚಿಗೆ ಒಂದು ತುಂಡು ತಂತಿ ಬಿಗಿಯುತ್ತಾರೆ. ಅಲ್ಲಿಗೆ ಬಾಗಿಲು ತೆರೆದಿದ್ದರೂ ಲಿಫ್ಟ್ ಓಡುತ್ತದೆ. ಬೆನ್ನ ಮೇಲೆ ಮೂಟೆ ಹೊತ್ತ ಹಮಾಲನಿಗೆ ಕಾಣುವುದು ಪಾದದ ಮುಂದಿನ ಗೇಣು ನೆಲ ಮಾತ್ರ. ಕೈಗಾಡಿ ಎಳೆಯುವವನಂತೂ ಹಿಂದಕ್ಕೆ ಹೆಜ್ಜೆಯಿಡುತ್ತಾ ಬರುತ್ತಾನೆ. ‘ಜನ ಹತ್ತಬಾರದು’ ಎಂಬ ಬೋರ್ಡು ಹತ್ತುವವನನ್ನು ತಡೆದೀತು, ಬೀಳುವವನನ್ನಲ್ಲ.

ಎಣ್ಣೆ ನಗರವೆಂದೇ ಹೆಸರಾದ ಚಳ್ಳಕೆರೆಯಲ್ಲಿ ಅಪಾಯದ ರೂಪ ಬೇರೆ. ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಮೇಲೇರುವುದು ಬಕೆಟ್ ಎಲಿವೇಟರಿನಲ್ಲಿ, ಅದರ ಬುಡ ನೆಲದ ಗುಂಡಿಯೊಳಗೆ. ಕಾಯಿ ಬೇಗ ಸುರಿಯಲೆಂದೋ ಕಟ್ಟಿಕೊಂಡದ್ದನ್ನು ಬಿಡಿಸಲೆಂದೋ ಗುಂಡಿಯ ಜಾಲರಿ ಎತ್ತಿಟ್ಟರೆ, ಮರಳಿ ಹಾಕುವ ಜವಾಬ್ದಾರಿ ಯಾರದೂ ಅಲ್ಲ. ಅಪಾಯದ ಗುಂಡಿಗೆ ಮುಚ್ಚಳವೋ ಬೇಲಿಯೋ ಇರಲೇಬೇಕೆಂದು ಅದೇ ಕಾಯ್ದೆಯ 33ನೇ ಕಲಮು ಹೇಳಿತ್ತು.

ಕಾಯ್ದೆಯ ಕೊರತೆ ಮಾತಿನಲ್ಲಿಲ್ಲ, ಎಣಿಕೆಯಲ್ಲಿದೆ. 1948ರ ಕಾಯ್ದೆಯಲ್ಲಿ ಆರು ತಿಂಗಳಿಗೊಮ್ಮೆ ಪರಿಣತರಿಂದ ಲಿಫ್ಟಿನ ತಪಾಸಣೆ ಎಂದಿತ್ತು. ತಂತಿ ಬಿಗಿಯಲು ಐದು ನಿಮಿಷ ಸಾಕು. ಆ ಹಳೆಯ ಕಾಯ್ದೆಯಲ್ಲಿ ವಿದ್ಯುತ್ ಬಳಸುವ ಜಾಗದಲ್ಲಿ 10 ಕಾರ್ಮಿಕರಿದ್ದರೆ ಅದು ಕಾರ್ಖಾನೆಯಾಗಿತ್ತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಅದನ್ನು 20ಕ್ಕೆ ಏರಿಸಿತು. ಹನ್ನೆರಡು ಜನ ದುಡಿಯುವ ಮಿಲ್ಲು ಈ ಲೆಕ್ಕದಲ್ಲಿ ಕಾರ್ಖಾನೆಯೇ ಅಲ್ಲ. ಗುಂಡಿಯ ಆಳವೇನೂ ಕಡಿಮೆಯಾಗಿಲ್ಲವಲ್ಲ! ನನ್ನ ಮಟ್ಟಿಗೆ ಇದು ಹಿನ್ನಡೆಯೇ.

ಮಾಲೀಕರು ಇನ್‌ಸ್ಪೆಕ್ಟರಿಗಾಗಿ ಕಾಯಬೇಕಿಲ್ಲ. ಕ್ಯಾಬಿನ್ನನ್ನು ಕೆಳಗಿಳಿಸಿ ನಿಲ್ಲಿಸಿ, ಮೇಲಿನ ಮಹಡಿಯ ಬಾಗಿಲ ಪಕ್ಕಕ್ಕೆ ನಿಂತು, ತೆರೆಯುತ್ತದೆಯೇ ಎಂದು ಹುಷಾರಾಗಿ ಎಳೆದು ನೋಡಲಿ. ತೆರೆದರೆ ಆ ಲಿಫ್ಟನ್ನು ಅಂದೇ ನಿಲ್ಲಿಸಿ, ರಿಪೇರಿಯಾಗುವ ತನಕ ಕರೆಂಟಿನ ಪೆಟ್ಟಿಗೆಗೆ ಬೀಗ ಹಾಕಿ ಕೀಲಿಯನ್ನು ತಾವೇ ಇಟ್ಟುಕೊಳ್ಳಲಿ.