ತಳದಲ್ಲಿ ನೀರು ನಿಲ್ಲದ ಗೊತ್‌ಜೊರಿ

ಕೊರಿಯಾದ ಗೊತ್‌ಜೊರಿ ಮುಂದೆ ಬಂದಾಗ ನಾನು ಮೊದಲು ಬಟ್ಟಲನ್ನು ತುಸು ಓರೆ ಮಾಡಿ ತಳ ನೋಡುತ್ತೇನೆ. ಕೆಂಪು ನೀರು ಜಾರಿ ಒಂದು ಕಡೆ ಬಂದು ನಿಂತರೆ, ಸೊಪ್ಪಿನ ನೀರು ಸರಿಯಾಗಿ ಬಸಿದಿಲ್ಲ, ಇಲ್ಲವೇ ಕಲಸಿ ಹೊತ್ತಾಗಿದೆ ಎಂದೇ ಲೆಕ್ಕ. ತಳ ಒಣಗಿದ್ದು, ಎಲೆಯ ಮೈಗೆಲ್ಲ ಮೆಣಸಿನಕಾಯಿಯ ತರಿ ಅಂಟಿಕೊಂಡಿದ್ದರೆ ನೆಮ್ಮದಿಯಾಗಿ ಕೈ ಹಾಕಬಹುದು. ಹಸಿ ಸೊಪ್ಪಿಗೆ ಉಪ್ಪು, ಹುಳಿ, ಖಾರ, ಎಣ್ಣೆ ಹಾಕಿ ಕಲಸುವುದರಲ್ಲಿ ಏನು ಮಹಾ ವಿದ್ಯೆಯಿದೆ ಎಂದು ಕೇಳುವವರಿದ್ದಾರೆ. ಎಲೆಯ ನೀರನ್ನು ಎಲೆಯಲ್ಲೇ ಉಳಿಸಿ ಬಾಯಿಯವರೆಗೆ ತಲುಪಿಸುವುದೇ ಇಲ್ಲಿನ ವಿದ್ಯೆ. ಮಿಕ್ಕಿದ್ದೆಲ್ಲ ಅದರ ಹಿಂದೆ ಬರುತ್ತದೆ.

ಕಿಮ್ಚಿ ಈಗ ನಮ್ಮವರಿಗೂ ಹೊಸದಲ್ಲ. ಕೊರಿಯನ್ ಧಾರಾವಾಹಿಗಳ ಬೆನ್ನಿಗೇ ಅದು ಬೆಂಗಳೂರಿನ ಅಂಗಡಿಗಳ ಫ್ರಿಜ್ಜಿಗೂ ಬಂದು ಕೂತಿದೆ. ಗೊತ್‌ಜೊರಿ ಅದೇ ಮನೆತನದ್ದು, ಆದರೆ ಹುದುಗು ಬರಿಸದೆ ತಿನ್ನುವಂಥದ್ದು. ಕಿಮ್ಚಿಗೆ ಬೇಕಾದ ಕೋಸನ್ನು ರಾತ್ರಿಯಿಡೀ ಉಪ್ಪಿನಲ್ಲಿ ಇಡುತ್ತಾರೆ. ಎಲೆ ನೀರು ಬಿಟ್ಟು ಮುರಿಯದೆ ಬಾಗುವ ಹದಕ್ಕೆ ಬರಬೇಕು. ಆಮೇಲೆ ಜಾಡಿಯೊಳಗೆ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ ತನ್ನ ಕೆಲಸ ಮಾಡಿ ಹುಳಿ ಕಟ್ಟಬೇಕು. ಹಾಗೆ ಸೇರಿದ ಕಿಮ್ಚಿ ನೀರನ್ನು ಯಾರೂ ಚೆಲ್ಲುವುದಿಲ್ಲ, ಅದು ಸಾರಿಗೂ ನೂಡಲ್ಸಿಗೂ ಹೋಗುತ್ತದೆ. ಗೊತ್‌ಜೊರಿಯಲ್ಲಿ ಕೋಸಿಗೆ ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ ಉಪ್ಪು. ಲೆಟ್ಯೂಸ್‌ನಂಥ ಎಳೆ ಸೊಪ್ಪಿಗೆ ಅದೂ ಇಲ್ಲ. ಹುಳಿ ತಾನಾಗಿ ಬರುವಷ್ಟು ಸಮಯ ಇಲ್ಲದ್ದರಿಂದ ವಿನೆಗರ್ ಹಾಕುತ್ತಾರೆ, ಇಡುವ ಕಿಮ್ಚಿಗೆ ಹಾಕದ ಎಳ್ಳೆಣ್ಣೆಯನ್ನೂ ಹಾಕುತ್ತಾರೆ. ಕೋಸಿನ ಗೊತ್‌ಜೊರಿಗೆ ಮಾತ್ರ ವಿನೆಗರ್ ಬೇಡ ಎನ್ನುವವರ ಪಕ್ಷ ನನ್ನದು. ಒಳ್ಳೆಯ ಕೋಸಿಗೆ ತನ್ನದೇ ಸಿಹಿ ಇರುತ್ತದೆ, ಹುಳಿ ಬಿದ್ದರೆ ಅದು ಮುಚ್ಚಿಹೋಗುತ್ತದೆ.

ಚಳಿಗಾಲಕ್ಕೆ ಮುಂಚೆ ಮನೆಯವರು, ನೆರೆಯವರು ಕೂಡಿ ರಾಶಿ ರಾಶಿ ಕಿಮ್ಚಿ ಹಾಕುವ ಪದ್ಧತಿಗೆ ಕಿಮ್‌ಜಾಂಗ್ ಎಂದು ಹೆಸರು. ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಅದನ್ನು 2013ರಲ್ಲಿ ದಕ್ಷಿಣ ಕೊರಿಯಾದ ಹೆಸರಿನಲ್ಲೂ 2015ರಲ್ಲಿ ಉತ್ತರ ಕೊರಿಯಾದ ಹೆಸರಿನಲ್ಲೂ ಸೇರಿಸಿತು. ಬಹಳ ಮನೆಗಳಲ್ಲಿ ಆ ದಿನ ದುಡಿದವರ ಊಟಕ್ಕೆ ಬೇಯಿಸಿದ ಹಂದಿಮಾಂಸ, ಪಕ್ಕದಲ್ಲಿ ಜಾಡಿಗೆ ಹೋಗದೆ ಉಳಿಸಿಕೊಂಡ ಎಳೆ ಕೋಸು, ಆಗತಾನೇ ಕಲಸಿದ್ದು. ಕಿಮ್‌ಜಾಂಗ್ ಬಗ್ಗೆ ಬರೆಯುವವರೆಲ್ಲ ಜಾಡಿಯನ್ನೇ ಹೊಗಳುತ್ತಾರೆ. ಆ ತಟ್ಟೆಯನ್ನೂ ಹೊಗಳಬೇಕು.

ಸೊಪ್ಪಿನ ವಿಷಯಕ್ಕೆ ಬಂದರೆ, ಕೊರಿಯಾದವರಲ್ಲಿ ಋತುವಿಗೊಂದು ಸೊಪ್ಪು. ನನಗೆ ಎಲ್ಲಕ್ಕಿಂತ ಮೇಲು ಬೊಮ್‌ದೋಂಗ್. ದೇಶದ ತೆಂಕಣ ತುದಿಯಲ್ಲಿ, ದಕ್ಷಿಣ ಜೊಲ್ಲಾ ಪ್ರಾಂತ್ಯದ ಜಿಂದೊ ದ್ವೀಪದ ಕಡೆ, ಚಳಿಗಾಲವಿಡೀ ಬಯಲು ಹೊಲದಲ್ಲೇ ಬೆಳೆಯುವ ಕೋಸು ಇದು. ಸಮುದ್ರದ ಗಾಳಿ, ಚಳಿ ತಿಂದು ಬೆಳೆದ ಗಿಡ ಉಂಡೆ ಕಟ್ಟುವುದಿಲ್ಲ, ನೆಲಕ್ಕೆ ಅಂಟಿ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ಹೊರ ಎಲೆ ದಟ್ಟ ಹಸಿರು, ನಡುವಿನದು ಹಳದಿ. ಚಳಿಗೆ ಹೆಪ್ಪುಗಟ್ಟಬಾರದೆಂದು ಗಿಡ ತನ್ನೊಳಗೆ ಸಕ್ಕರೆ ಸೇರಿಸಿಕೊಳ್ಳುತ್ತದೆ, ಅದಕ್ಕೇ ಎಲೆ ಅಷ್ಟು ಸಿಹಿ. ಜನವರಿಯಿಂದ ಮಾರ್ಚ್‌ವರೆಗೆ ಸಿಗುವ ಈ ಎಲೆ ಹಲ್ಲಿಗೆ ಸಿಕ್ಕಾಗ ಕರುಂ ಎನ್ನುತ್ತದೆ, ದಪ್ಪ ಇದ್ದರೂ ನಾರಿಲ್ಲ. ಉಪ್ಪಿನಲ್ಲಿ ನೆನೆಸುವ ಗೋಜೂ ಇಲ್ಲದೆ ನೇರ ಕಲಸಿಬಿಡಬಹುದು.

ಬೇಸಿಗೆಗೆ ಯೊಲ್‌ಮು ಎಂಬ ಎಳೆ ಮೂಲಂಗಿ ಸೊಪ್ಪು. ಅದನ್ನು ತೊಳೆಯುವಾಗಲೂ ಕಲಸುವಾಗಲೂ ಹಿಸುಕಬೇಡಿ ಎಂದು ಕೊರಿಯಾದ ಹಿರಿಯ ಹೆಂಗಸರು ಎಚ್ಚರಿಸುತ್ತಾರೆ. ಹಿಸುಕಿದರೆ ಹಸಿ ಹುಲ್ಲಿನ ವಾಸನೆ ಏಳುತ್ತದೆ. ಅವರ ಮಾತು ನಿಜ. ಎಲೆಯ ಕೋಶ ಒಡೆದ ಕೂಡಲೇ ಒಳಗಿನ ಕಿಣ್ವಗಳು ಎಲೆಯ ಕೊಬ್ಬಿನಂಶದ ಮೇಲೆ ಕೆಲಸ ಮಾಡಿ, ಕೊಯ್ದ ಹುಲ್ಲಿನಿಂದ ಬರುವ ಅದೇ ವಾಸನೆಯನ್ನು ಹುಟ್ಟಿಸುತ್ತವೆ. ಇನ್ನು ವರ್ಷವಿಡೀ ಸಿಗುವ ಸಾಂಗ್‌ಚು, ಅಂದರೆ ಲೆಟ್ಯೂಸ್, ಹಂದಿಮಾಂಸ ಸುಡುವ ಹೋಟೆಲುಗಳ ಕಾಯಂ ಸಂಗಾತಿ. ಕೊರಿಯಾದ ಪುರಾತನ ಗೊಗುರ್ಯೊ ರಾಜ್ಯದ ರಾಯಭಾರಿಗಳು ತಂದ ಲೆಟ್ಯೂಸ್ ಬೀಜಕ್ಕೆ ಚೀನೀಯರು ವಿಪರೀತ ಬೆಲೆ ತೆತ್ತು, ಅದನ್ನು ಸಾವಿರ ಹೊನ್ನಿನ ಸೊಪ್ಪು ಎಂದು ಕರೆದರೆಂಬ ಹಳೆಯ ಕತೆ ಅಲ್ಲಿ ಇನ್ನೂ ಬಳಕೆಯಲ್ಲಿದೆ. ಸಣ್ಣಗೆ ಸೀಳಿದ ಈರುಳ್ಳಿ ಸೊಪ್ಪನ್ನೂ ಹೀಗೇ ಕಲಸುತ್ತಾರೆ. ಉದ್ದುದ್ದ ಎಳೆ ತೆಗೆಯಲು ಸಾಲು ಅಲಗುಗಳಿರುವ ಪುಟ್ಟ ಚಾಕುವೇ ಅಲ್ಲಿ ಮಾರಾಟಕ್ಕಿದೆ. ಸೀಳಿದ್ದನ್ನು ತಣ್ಣೀರಿಗೆ ಹಾಕಿದರೆ ಘಾಟು ಇಳಿದು ಎಳೆಗಳು ಸುರುಳಿ ಸುತ್ತಿಕೊಳ್ಳುತ್ತವೆ.

ಈಗ ಮೆಣಸಿನಕಾಯಿ. ಕೊರಿಯಾದ ಬರಹಗಳಲ್ಲಿ ಅದರ ಪ್ರಸ್ತಾಪ ಮೊದಲು ಸಿಗುವುದು ಯಿ ಸುಗ್ವಾಂಗ್ 1614ರಲ್ಲಿ ಬರೆದ ಗ್ರಂಥದಲ್ಲಿ. ನಾವೂ ಅವರೂ ಈ ಕಾಯಿಯನ್ನು ಹೊರಗಿನಿಂದ ಪಡೆದು ನಮ್ಮದೇ ಎನ್ನುವಷ್ಟು ಹಚ್ಚಿಕೊಂಡವರು. ಅವರ ಗೊಚುಗಾರು ನಮ್ಮ ಅಚ್ಚಖಾರದ ಪುಡಿಯ ಹಾಗೆ ನುಣ್ಣಗಿರುವುದಿಲ್ಲ. ಬೀಜ ಬಹುಪಾಲು ತೆಗೆದು, ಒಣಗಿದ ಕಾಯಿಯನ್ನು ತರಿತರಿಯಾಗಿ ಒಡೆದದ್ದು. ಬಿಸಿಲಿನಲ್ಲೇ ಒಣಗಿಸಿದ್ದಕ್ಕೆ ಬೆಲೆ ಜಾಸ್ತಿ; ಉತ್ತರ ಗ್ಯೊಂಗ್‌ಸಾಂಗ್ ಪ್ರಾಂತ್ಯದ ಯೊಂಗ್ಯಾಂಗ್ ಇದಕ್ಕೆ ಹೆಸರುವಾಸಿ. ತರಿ ಯಾಕೆ ಮುಖ್ಯವೆಂದರೆ, ನುಣ್ಣನೆ ಪುಡಿ ಸೋಯಾ ಸಾಸಿನಲ್ಲಿ ಕರಗಿ ಕೆಸರಾಗಿ ಎಲೆಗೆ ಬಳಿದುಕೊಳ್ಳುತ್ತದೆ, ಬಾಯಿಗಿಟ್ಟ ಕೂಡಲೇ ಖಾರ ಹೊಡೆಯುತ್ತದೆ. ತರಿ ಹಾಗಲ್ಲ. ರಸ ಕುಡಿದು ಉಬ್ಬಿ ಎಲೆಗೆ ಕಚ್ಚಿಕೊಳ್ಳುತ್ತದೆ, ಅಗಿದ ಹಾಗೆ ಖಾರ ಬಿಡುತ್ತದೆ, ಕಡೆಗೆ ಒಂದಿಷ್ಟು ಸಿಹಿಯನ್ನೂ ಉಳಿಸುತ್ತದೆ.

ಗೊಚುಗಾರು ಸಿಗದಿದ್ದರೆ ಕೊರಗಬೇಕಾಗಿಲ್ಲ, ಬ್ಯಾಡಗಿ ನಮ್ಮ ಹಾವೇರಿ ಜಿಲ್ಲೆಯಲ್ಲೇ ಇದೆ. ಬಣ್ಣ ಹೆಚ್ಚು, ಖಾರ ಕಡಿಮೆ ಎಂಬ ಗುಣಕ್ಕೇ 2011ರಲ್ಲಿ ಭೌಗೋಳಿಕ ಗುರುತು ಪಡೆದ ಕಾಯಿ ಅದು. ಅದರಲ್ಲೂ ಡಬ್ಬಿ ಜಾತಿಯದನ್ನು ಆರಿಸಿ. ತೊಟ್ಟು, ಬೀಜ ತೆಗೆದು ಗರಿಗರಿಯಾಗುವಂತೆ ಬಿಸಿಲಿಗೆ ಹಾಕಿ, ಮಿಕ್ಸಿಯನ್ನು ತಿರುಗಿಸಿ ನಿಲ್ಲಿಸಿ, ತಿರುಗಿಸಿ ನಿಲ್ಲಿಸಿ, ಬನ್ಸಿ ರವೆಯಷ್ಟು ದಪ್ಪಕ್ಕೆ ಒಡೆಯಬೇಕು. ಹುರಿಯಬಾರದು. ಹುರಿದರೆ ಸಾರಿನ ಪುಡಿಯ ಪರಿಮಳ ಬಂದು ಹಸಿ ಸೊಪ್ಪಿನ ತಾಜಾತನವನ್ನು ನುಂಗಿಬಿಡುತ್ತದೆ.

ಲೆಟ್ಯೂಸ್ ಗೊತ್‌ಜೊರಿ ಮಾಡುವ ಕ್ರಮ ಹೇಳುತ್ತೇನೆ. ನೂರೈವತ್ತು ಗ್ರಾಂ ಸೊಪ್ಪನ್ನು ಹತ್ತು ನಿಮಿಷ ಐಸ್ ನೀರಿನಲ್ಲಿ ಬಿಟ್ಟರೆ ಬಾಡಿದ ಎಲೆಯೂ ಸೆಟೆದು ನಿಲ್ಲುತ್ತದೆ. ತೆಗೆದು ಕೊಡವಿ, ಒಗೆದ ಹತ್ತಿ ಬಟ್ಟೆಯ ಮೇಲೆ ಒಂದೊಂದಾಗಿ ಹರಡಿ, ಮೇಲೊಂದು ಬಟ್ಟೆ ಹಾಸಿ ಒತ್ತಬೇಕು. ಬೇಸರ ತರುವ ಕೆಲಸ, ಆದರೆ ಊಟದ ಹಣೆಬರಹ ಇಲ್ಲೇ ತೀರ್ಮಾನವಾಗುತ್ತದೆ. ಎಲೆಯ ಮಡಿಕೆಯಲ್ಲಿ, ಬುಡದ ಬಿಳಿ ದಿಂಡಿನ ಗುಳಿಯಲ್ಲಿ ನೀರು ಅವಿತುಕೊಂಡಿರುತ್ತದೆ, ಅಲ್ಲೊಮ್ಮೆ ಬೆರಳಾಡಿಸಿ ನೋಡಿ. ಆಮೇಲೆ ಎರಡು ಮೂರು ತುಂಡಾಗಿ ಕೈಯಿಂದಲೇ ಹರಿಯಿರಿ. ಬೇರೆ ಬಟ್ಟಲಿನಲ್ಲಿ ಒಂದೂವರೆ ದೊಡ್ಡ ಚಮಚ ಮೆಣಸಿನ ತರಿ, ಅಷ್ಟೇ ಸೋಯಾ ಸಾಸ್, ಒಂದು ಚಮಚ ವಿನೆಗರ್, ಅರ್ಧ ಚಮಚ ಸಕ್ಕರೆ, ಜಜ್ಜಿದ ಬೆಳ್ಳುಳ್ಳಿ ಎರಡು ಎಸಳು ಕಲಸಿ ಹತ್ತು ನಿಮಿಷ ಸುಮ್ಮನೆ ಬಿಡಿ. ಮೀನು ತಿನ್ನುವವರು ಸೋಯಾ ಸಾಸನ್ನು ಸ್ವಲ್ಪ ತಗ್ಗಿಸಿ ಅರ್ಧ ಚಮಚ ಮೀನಿನ ಸಾಸ್ ಸೇರಿಸಬಹುದು. ಬೆಂಗ್‌ನ್ಯೊಂಗ್ ದ್ವೀಪದ ಕಡೆಯಿಂದ ಬರುವ ಕನಾರಿ ಮೀನಿನದು ಸಿಕ್ಕರೆ ಬಿಡಬೇಡಿ, ಅದರ ವಾಸನೆ ನವಿರು. ಸಕ್ಕರೆ ಇದಕ್ಕಿಂತ ಹೆಚ್ಚು ಬೇಡ. ಈಚೆಗೆ ಹೋಟೆಲುಗಳಲ್ಲಿ ಇದನ್ನು ಸಿಹಿ ತಿಂಡಿಯ ಮಟ್ಟಕ್ಕೆ ಒಯ್ಯುತ್ತಿರುವುದು ನನಗೆ ಒಪ್ಪಿಗೆಯಿಲ್ಲ.

ಉಣ್ಣುವವರು ತಟ್ಟೆಯ ಮುಂದೆ ಕೂತ ಮೇಲೆಯೇ ಕಲಸಬೇಕು. ಅಗಲ ಬಾಯಿಯ ಪಾತ್ರೆಯಲ್ಲಿ ಸೊಪ್ಪು ಹಾಕಿ, ಖಾರದ ರಸವನ್ನು ಮುಕ್ಕಾಲು ಭಾಗ ಮಾತ್ರ ಸುರಿದು, ಬೆರಳು ಬಿಡಿಸಿಕೊಂಡು ಕೆಳಗಿನದನ್ನು ಮೇಲಕ್ಕೆ ಎತ್ತಿ ಬೀಳಿಸುತ್ತ ಹೋಗಿ. ಮುಷ್ಟಿ ಕಟ್ಟಬಾರದು. ಒಂದು ಎಲೆ ತಿಂದು ನೋಡಿ, ಬೇಕೆನಿಸಿದರಷ್ಟೇ ಉಳಿದ ರಸ. ಹುರಿದ ಎಳ್ಳಿನಿಂದ ತೆಗೆದ ಎಣ್ಣೆ ಒಂದು ಚಮಚ, ಮೇಲೆ ಹುರಿದ ಎಳ್ಳು, ಎರಡೂ ಕಟ್ಟಕಡೆಗೆ. ಲೆಟ್ಯೂಸ್ ಎಲೆಗೆ ಮೇಣದ ತೆಳು ಪದರ ಇರುತ್ತದೆ. ವಿನೆಗರ್ ಅದರ ಮೇಲೆ ಹನಿಯಾಗಿ ನಿಲ್ಲುತ್ತದೆ, ಎಣ್ಣೆ ಮಾತ್ರ ಆ ಪದರವನ್ನು ಹಾದು ಒಳಗಿಳಿದು ಎಲೆಯೊಳಗಿನ ಗಾಳಿಯನ್ನು ಹೊರದಬ್ಬುತ್ತದೆ. ಎಲೆ ಕಪ್ಪಾಗಿ ಮೆತ್ತಗಾಗುವುದು ಹಾಗೆ. ಎಲೆ ಬಾಡಿದರೆ ಜನ ವಿನೆಗರ್ ಮೇಲೆ ತಪ್ಪು ಹೊರಿಸುತ್ತಾರೆ, ಅವಸರದ ಎಣ್ಣೆಯನ್ನು ಯಾರೂ ಕೇಳುವುದಿಲ್ಲ.

ಉತ್ತರ ಕರ್ನಾಟಕದವರಿಗೆ ಇದನ್ನೆಲ್ಲ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಹಸಿ ಮೆಂತ್ಯ ತಪ್ಪಲು, ಹಕ್ಕರಕಿ, ಎಳೆ ಮೂಲಂಗಿ ಸೊಪ್ಪು ಹೆಚ್ಚಿ, ಖಾರ, ಉಪ್ಪು, ಹಸಿ ಎಣ್ಣೆ, ಮೇಲೊಂದಿಷ್ಟು ಗುರೆಳ್ಳು ಹಿಂಡಿ ಹಾಕಿ ರೊಟ್ಟಿಗೆ ಪಚಡಿ ಕಲಸಿಕೊಂಡು ಬೆಳೆದವರು ಅವರು. ಹಸಿ ಎಲೆಗೆ ಖಾರ ಒಗ್ಗುತ್ತದೆಂದು ಅವರ ನಾಲಿಗೆಗೆ ಮೊದಲೇ ಗೊತ್ತು. ಹಕ್ಕರಕಿಯ ಸಣ್ಣ ಕಹಿ ಈ ಕೊರಿಯನ್ ರಸಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ, ವಿನೆಗರ್ ಅರ್ಧ ಇಳಿಸಿ ಮಾಡಿ ನೋಡಿ.

ಈರುಳ್ಳಿ, ಬೆಳ್ಳುಳ್ಳಿ ತಿನ್ನದ ಮನೆಗಳವರು ಹಿಂಜರಿಯಬೇಕಾಗಿಲ್ಲ. ಕೊರಿಯಾದ ಬೌದ್ಧ ಮಠಗಳ ಅಡುಗೆಯಲ್ಲಿ ಮೀನಿನ ಸಾಸೂ ಇಲ್ಲ, ಈರುಳ್ಳಿ, ಬೆಳ್ಳುಳ್ಳಿ ಜಾತಿಯ ಯಾವುದೂ ಇಲ್ಲ. 2017ರಲ್ಲಿ ನೆಟ್‌ಫ್ಲಿಕ್ಸ್‌ನ ‘ಷೆಫ್ಸ್ ಟೇಬಲ್’ ಸರಣಿಯಿಂದ ಲೋಕಕ್ಕೆ ಪರಿಚಿತರಾದ ಸನ್ಯಾಸಿನಿ ಜೊಂಗ್ ಗ್ವಾನ್ ಅವರ ಅಡುಗೆ ಆ ಪರಂಪರೆಯದು. ಮನೆಯಲ್ಲಿ ಹಾಗೆ ಮಾಡುವಾಗ ಹಳೆಯದಾಗಿ ಕಪ್ಪಿಟ್ಟ ಸೋಯಾ ಸಾಸ್, ತುರಿದ ಶುಂಠಿ ಚೂರು, ಎಳ್ಳು ಇಷ್ಟಿದ್ದರೆ ಸಾಕು. ಬೆಳ್ಳುಳ್ಳಿಯ ಅಬ್ಬರ ಇಲ್ಲದ ಆ ಬಟ್ಟಲಲ್ಲಿ ಸೊಪ್ಪಿನ ರುಚಿ ಇನ್ನೂ ಸ್ಪಷ್ಟ. ಬೆಳ್ಳುಳ್ಳಿಯೇ ಬೇಕೆನ್ನುವವರಿಗೆ ಅದರ ಇನ್ನೊಂದು ತುದಿಯೂ ಇದೆ: ಸೋಲ್ ನಗರದಲ್ಲಿ 1966ರಿಂದ ನಡೆಯುತ್ತಿರುವ ಮ್ಯೊಂಗ್‌ದೋಂಗ್ ಕ್ಯೋಜಾ ಹೋಟೆಲಿನಲ್ಲಿ ಕೈಯಿಂದ ಕತ್ತರಿಸಿದ ಬಗೆಯ ನೂಡಲ್ಸ್ ಜೊತೆ ಕೊಡುವ ತಾಜಾ ಕಿಮ್ಚಿ ಬೆಳ್ಳುಳ್ಳಿಯ ಘಾಟಿಗೇ ಪ್ರಸಿದ್ಧ.

ಕೋಸಿನದು ಉಳಿದರೆ ಫ್ರಿಜ್ಜಿನಲ್ಲಿ ಒಂದೆರಡು ದಿನ ಇರುತ್ತದೆ. ಲೆಟ್ಯೂಸಿನದು ಅರ್ಧ ಗಂಟೆಯೂ ತಾಳುವುದಿಲ್ಲ. ಮಿಕ್ಕಿದ್ದನ್ನು ಎತ್ತಿಡಲು ಹೋಗದೆ ಅದೇ ಪಾತ್ರೆಗೆ ಬಿಸಿ ಅನ್ನ ಹಾಕಿ, ಇನ್ನೆರಡು ಹನಿ ಎಳ್ಳೆಣ್ಣೆ ಬಿಟ್ಟು, ಮೊಟ್ಟೆ ತಿನ್ನುವವರಾದರೆ ಕರಿದ ಮೊಟ್ಟೆಯೊಂದನ್ನು ಮೇಲಿಟ್ಟು ಕಲಸಿ. ತಳಕ್ಕೆ ಬಂದಿರಬಹುದಾದ ಕೆಂಪು ನೀರನ್ನು ಅನ್ನವೇ ಹೀರಿಕೊಳ್ಳುತ್ತದೆ.