ಬೆಂಡು ತೆಗೆಯೋ ಪುಸ್ತಕ

ಸೈಕಲ್ ಗಾಲಿಯ ಬೆಂಡು ತೆಗೆಯೋದರ ಬಗ್ಗೆ ಇಂಗ್ಲಿಷಿನಲ್ಲಿ ಯಾರೇ ಮಾತಾಡಿದರೂ ಸ್ವಲ್ಪ ಹೊತ್ತಿಗೆ ಯೋಬ್ಸ್ಟ್ ಬ್ರಾಂಟ್ ಅನ್ನೋ ಹೆಸರು ಬಂದೇ ಬರುತ್ತೆ. ಕ್ಯಾಲಿಫೋರ್ನಿಯಾದ ಮೆಕ್ಯಾನಿಕಲ್ ಎಂಜಿನಿಯರ್. 1981ರಲ್ಲಿ ‘ದ ಬೈಸಿಕಲ್ ವೀಲ್’ ಅಂತ ಒಂದು ಸಣ್ಣ ಪುಸ್ತಕ ಬರೆದರು. 2015ರಲ್ಲಿ ತೀರಿಕೊಂಡರು, ಪುಸ್ತಕದ ಮೇಲಿನ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ನಾನು ಅದನ್ನ ಓದಿದ್ದು ರಾಜೇಶ್ವರದಲ್ಲಿ, ಅಕ್ಕನ ಮನೆ ಅಂಗಳದಲ್ಲಿ, ತಲೆಕೆಳಗಾಗಿ ನಿಲ್ಲಿಸಿದ ಸೈಕಲ್ ಪಕ್ಕ ಕೂತು. ಪುಸ್ತಕ ವಿಮರ್ಶೆಗೆ ಇದು ಸರಿಯಾದ ಜಾಗ ಅಲ್ಲ ಅನಿಸಬಹುದು. ಈ ಪುಸ್ತಕವನ್ನ ಬೇರೆಲ್ಲೂ ಕೂತು ಓದಬಾರದು ಅನ್ನೋದು ನನ್ನ ಅಭಿಪ್ರಾಯ.

ರಾಜೇಶ್ವರ ಗೊತ್ತಿಲ್ಲದವರಿಗೆ: ಬೀದರ್ ಜಿಲ್ಲೆ, ಬಸವಕಲ್ಯಾಣ ತಾಲ್ಲೂಕು. ಹೈದರಾಬಾದಿನಿಂದ ಹುಮನಾಬಾದ್ ದಾಟಿ ಸೊಲ್ಲಾಪುರದ ಕಡೆ ಹೊರಟರೆ ಸಿಗೋ ಊರು. ಅಕ್ಕನ ದೊಡ್ಡ ಮಗಳಿಗೆ 2018ರಲ್ಲಿ, ಎಂಟನೇ ಕ್ಲಾಸಿನಲ್ಲಿ, ಸರ್ಕಾರದ ಸೈಕಲ್ ಬಂತು. 2006-07ರಲ್ಲಿ ಶುರುವಾದ ಯೋಜನೆ ಅದು. ಚಿಕ್ಕವಳು ಎಂಟಕ್ಕೆ ಬರೋ ಹೊತ್ತಿಗೆ ಕೊರೊನಾ ಬಂದು ಸೈಕಲ್ ಹಂಚೋದೇ ನಿಂತಿತ್ತು. ಹಾಗಾಗಿ ಇಬ್ಬರಿಗೂ ಸೇರಿ ಒಂದೇ ಸೈಕಲ್. ಮುಂದಿನ ಗಾಲಿ ಕಲ್ಲಿಗೆ ಬಡಿದು ಟೇಡಾ ಆಗಿ, ಅದು ಕೊಟ್ಟಿಗೆಯಲ್ಲಿ ತೊಗರಿ ಕಟ್ಟಿಗೆಯ ಹಿಂದೆ ಸೇರಿಕೊಂಡಿತ್ತು. ಚಿಕ್ಕವಳು ಹೊಲದ ಮನೆಯಿಂದ ಶಾಲೆಗೆ ನಡೀತಿದ್ದಳು. ಊರಲ್ಲಿ ಸೈಕಲ್ ರಿಪೇರಿ ಮಾಡ್ತಿದ್ದ ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರ್ತಾರೆ.

ಮೊದಲು ನಾನೂ ಎಲ್ಲರ ಥರ ವಿಡಿಯೋಗಳನ್ನೇ ನೋಡಿದೆ. ಗಾಲಿ ತಿರುಗಿಸಿ, ಎಲ್ಲಿ ಉಜ್ಜುತ್ತೆ ನೋಡಿ, ಅಲ್ಲಿ ಎದುರು ಬದಿಯ ಕಡ್ಡಿ ಬಿಗಿ ಮಾಡಿ, ಆಯ್ತು. ನಾಲ್ಕು ನಿಮಿಷ. ನನ್ನ ಮೊದಲ ಸಂಜೆ ಪೂರ್ತಿ ಇದರಲ್ಲೇ ಹೋಯ್ತು. ಬೆಂಡು ಒಂದು ಕಡೆಯಿಂದ ಇನ್ನೊಂದು ಕಡೆ ಹೋಯ್ತೇ ಹೊರತು ಗಾಲಿ ಬಿಟ್ಟು ಹೋಗಲಿಲ್ಲ. ಅರ್ಧ ತಪ್ಪು ನನ್ನದೇ: ನಿಪ್ಪಲ್ಲನ್ನ ಟಯರ್ ಕಡೆಯಿಂದ ನೋಡಿದಾಗ ಬಲಕ್ಕೆ ತಿರುಗಿಸಿದರೆ ಬಿಗಿಯಾಗುತ್ತೆ. ನಾನು ಒಳಗಿನಿಂದ, ಅಂದರೆ ಹಬ್ ಕಡೆಯಿಂದ ನೋಡ್ತಾ ತಿರುಗಿಸ್ತಿದ್ದೆ. ಬಿಗಿ ಅಂದುಕೊಂಡದ್ದೆಲ್ಲ ಸಡಿಲ. ಉಳಿದರ್ಧ ತಪ್ಪು ವಿಡಿಯೋದ್ದು. ಅದು ತೋರಿಸೋದು ಗಾಲಿ ತೂಗಾಡೋದು ನಿಲ್ಲೋ ಕ್ಷಣವನ್ನ ಮಾತ್ರ. ಯಾಕೆ ನಿಂತಿತು ಅಂತ ಹೇಳಲ್ಲ.

ಬ್ರಾಂಟ್ ಶುರು ಮಾಡೋದೇ ಆ ‘ಯಾಕೆ’ಯಿಂದ. ನಮ್ಮ ಎತ್ತಿನ ಬಂಡಿಯ ಗಾಲಿ ನೆನಪಿಸಿಕೊಳ್ಳಿ. ಅದರ ಕಟ್ಟಿಗೆಯ ಅರ ಭಾರವನ್ನ ಕಂಬದ ಹಾಗೆ ಹೊರುತ್ತೆ. ಸೈಕಲ್ಲಿನ ತೆಳು ಕಡ್ಡಿಗೆ ಅದು ಆಗದ ಮಾತು, ಒತ್ತಿದರೆ ಬಾಗುತ್ತೆ. ಅದಕ್ಕೇ ಎಲ್ಲ ಕಡ್ಡಿಗಳನ್ನೂ ಮೊದಲೇ ಎಳೆದು ಬಿಗಿದಿರ್ತಾರೆ. ಭಾರ ಬಿದ್ದಾಗ ಕೆಳಗಿನ ಕೆಲವು ಕಡ್ಡಿಗಳ ಎಳೆತ ಕಮ್ಮಿಯಾಗುತ್ತೆ, ಉಳಿದವುಗಳಲ್ಲಿ ಹೆಚ್ಚು ವ್ಯತ್ಯಾಸ ಆಗಲ್ಲ. ಆದ್ದರಿಂದ ಗಾಲಿ ನಿಂತಿರೋದು ಕೆಳಗಿನ ಕಡ್ಡಿಗಳ ಮೇಲೆಯೇ ಅಂತಾರೆ ಬ್ರಾಂಟ್. ಜಗಳ ಇರೋದು ಈ ‘ನಿಂತಿರೋದು’ ಅನ್ನೋ ಪದದ ಮೇಲೆ. ಎಳೆಯೋ ತಂತಿ ಮೇಲೆ ನಿಲ್ಲೋದು ಹೇಗೆ ಅಂತ ಕೇಳೋರು ಇದ್ದಾರೆ. ಪದ ನನಗೂ ಇಷ್ಟ ಆಗಲಿಲ್ಲ. ಆದರೆ ಲೆಕ್ಕ ಸರಿ, ಅದನ್ನ ಮನೆಯಲ್ಲೇ ನೋಡಬಹುದು. ಹಿಂದಿನ ಗಾಲಿಯ ಕೆಳಗಿನ ಕಡ್ಡಿಯನ್ನ ತಂಬೂರಿ ತಂತಿಯ ಹಾಗೆ ಮೀಟಿದೆ. ಆಮೇಲೆ ಸೊಸೆಯನ್ನ ಸೀಟಿನ ಮೇಲೆ ಕೂರಿಸಿ ಮತ್ತೆ ಮೀಟಿದೆ. ಸ್ವರ ಇಳಿಯಿತು. ಮೇಲಿನ ಕಡ್ಡಿಯ ಸ್ವರ ಇದ್ದ ಹಾಗೇ ಇತ್ತು. “ಮಾಮಾ, ರಿಪೇರಿ ಮಾಡ್ಲತ್ತೀಯೋ ಬಾರಸ್ಲತ್ತೀಯೋ?” ಅಂದಳು.

ಈ ಒಂದು ವಿಷಯ ಗೊತ್ತಾದ ಮೇಲೆ ಕೆಲಸವೇ ಬದಲಾಯ್ತು. ಗಾಲಿಯ ಗಟ್ಟಿತನ ಇರೋದು ಎಲ್ಲ ಕಡ್ಡಿಗಳ ಬಿಗಿಯಲ್ಲಿ. ಬೆಂಡು ಕಾಣೋ ಜಾಗದ ಕಡ್ಡಿಯನ್ನ ಮಾತ್ರ ಬಿಗಿ ಮಾಡ್ತಾ ಹೋದರೆ ರಿಮ್ ನೇರವಾಗಿ ಕಾಣಬಹುದು, ಆದರೆ ಪಕ್ಕದ ಕಡ್ಡಿ ಸಡಿಲ ಉಳಿದಿರುತ್ತೆ. ನಾಲ್ಕು ದಿನಕ್ಕೆ ಮತ್ತೆ ಟೇಡಾ. ರಿಮ್ ಬಲಕ್ಕೆ ವಾಲಿದ್ದರೆ ಎಡದ್ದನ್ನ ಕಾಲು ಸುತ್ತು ಬಿಗಿ ಮಾಡಬೇಕು, ಬಲದ್ದನ್ನ ಕಾಲು ಸುತ್ತು ಸಡಿಲ ಮಾಡಬೇಕು, ಮೀಟಿ ಕೇಳಬೇಕು, ಮತ್ತೆ ತಿರುಗಿಸಬೇಕು. ಸಡಿಲ ಮಾಡೋದೂ ರಿಪೇರಿಯೇ ಅಂತ ಒಪ್ಪಿಕೊಳ್ಳೋಕೆ ನನಗೆ ಎರಡು ದಿನ ಬೇಕಾಯ್ತು. ನಮ್ಮಂಥವರಿಗೆ ಆಫೀಸಿನಲ್ಲೂ ಬಿಗಿ ಮಾಡೋದಷ್ಟೇ ಅಭ್ಯಾಸ.

ಇಷ್ಟು ಹೊಗಳಿದ ಮೇಲೆ ತಕರಾರು. ಬ್ರಾಂಟರ ಕಣ್ಣ ಮುಂದಿರೋದು ಬಹುತೇಕ ಹಗುರ ಅಲ್ಯೂಮಿನಿಯಂ ರಿಮ್ಮು, ರಿಮ್ಮಿನ ಎರಡು ಬದಿ ಹಿಡಿಯೋ ಬ್ರೇಕು. ಅಂಥ ಸೈಕಲ್ಲಿನಲ್ಲಿ ಎಡ-ಬಲದ ಓಲಾಟ ಒಂದೆರಡು ಮಿಲಿಮೀಟರ್ ಇದ್ದರೂ ಬ್ರೇಕು ಉಜ್ಜುತ್ತೆ. ನಮ್ಮ ಸೈಕಲ್ಲಿಗೆ ಇರೋದು ಉಕ್ಕಿನ ರಿಮ್ಮು, ರಾಡ್ ಬ್ರೇಕು. ರಾಡ್ ಬ್ರೇಕಿನ ರಬ್ಬರು ರಿಮ್ಮಿನ ಒಳಮೈಯನ್ನ, ಹಬ್ಬಿನ ಕಡೆಯ ಮೈಯನ್ನ, ಒತ್ತುತ್ತೆ. ಅಲ್ಲಿ ಓಲಾಟಕ್ಕಿಂತ ಏರಿಳಿತ ಹೆಚ್ಚು ತೊಂದರೆ ಕೊಡುತ್ತೆ: ರಿಮ್ ಗುಂಡಗಿಲ್ಲದಿದ್ದರೆ ಪ್ರತಿ ಸುತ್ತಿಗೂ ಬ್ರೇಕು ಒಮ್ಮೆ ಕಚ್ಚಿ ಒಮ್ಮೆ ಬಿಡುತ್ತೆ. ಅಂದರೆ ಮೊದಲು ಏನನ್ನ ಸರಿ ಮಾಡಬೇಕು ಅನ್ನೋದೇ ಇಲ್ಲಿ ಬೇರೆ. ತುಕ್ಕು ಹಿಡಿದು ಅಲುಗದ ನಿಪ್ಪಲ್ಲಿಗೆ ಎಣ್ಣೆ ಬಿಟ್ಟು ರಾತ್ರಿಯಿಡೀ ಕಾಯಬೇಕು. ರಿಮ್ಮೇ ಒಳಕ್ಕೆ ತಗ್ಗಿದ್ದರೆ ಕಡ್ಡಿ ಎಷ್ಟು ಎಳೆದರೂ ಪೂರ್ತಿ ಸರಿಹೋಗಲ್ಲ, ಅಷ್ಟಕ್ಕೆ ಬಿಡಬೇಕು. ಇದನ್ನೆಲ್ಲ ನಾನು ಕಲಿತದ್ದು ಪುಸ್ತಕದಿಂದಲ್ಲ, ಗಾಲಿಯಿಂದ.

ದೊಡ್ಡ ತಕರಾರು ಬ್ರಾಂಟರ ಮೇಲಲ್ಲ, ನನ್ನ ಮೇಲೇ. ಕೆಲಸ ಮುಗಿದ ಮೇಲೆ ಅಕ್ಕಪಕ್ಕದ ಕಡ್ಡಿಗಳನ್ನ ಜೋಡಿಯಾಗಿ ಹಿಡಿದು ಜೋರಾಗಿ ಹಿಂಡಿ ಅಂತ ಪುಸ್ತಕ ಹೇಳುತ್ತೆ. ಕಡ್ಡಿಯ ತಿರುವುಗಳಲ್ಲಿ ಉಳಿದಿರೋ ಒತ್ತಡ ಅದರಿಂದ ಇಳಿದು, ಕಡ್ಡಿ ಬೇಗ ತುಂಡಾಗಲ್ಲ ಅನ್ನೋದು ಬ್ರಾಂಟರ ವಾದ. ಓದಿದ ತಕ್ಷಣ ಊರಿನ ಬಾಡಿಗೆ ಸೈಕಲ್ ಅಂಗಡಿಯ ಮುದುಕ ನೆನಪಾದ. ಗಂಟೆ ಲೆಕ್ಕದಲ್ಲಿ ಸೈಕಲ್ ಕೊಡ್ತಿದ್ದ. ಗಾಲಿ ಕಟ್ಟಿ ಮುಗಿಸಿದ ಮೇಲೆ ಎರಡೆರಡು ಕಡ್ಡಿ ಹಿಡಿದು ಹಿಂಡ್ತಾ ಸುತ್ತ ಬರ್ತಿದ್ದ. ಕಿಣ್ ಕಿಣ್ ಸದ್ದು ಬರ್ತಿತ್ತು. ಕೈ ನೋವಿಗೆ ಹಾಗೆ ಮಾಡ್ತಾನೆ ಅಂದುಕೊಂಡಿದ್ದೆ. ಫೋರ್ಕಿಗೆ ಸೀಮೆಸುಣ್ಣ ಹಿಡಿದು ಗಾಲಿ ತಿರುಗಿಸೋದು, ಉಬ್ಬಿದ ಕಡೆ ಗೆರೆ ಬೀಳೋದು, ಕಿವಿ ಹತ್ತಿರ ಇಟ್ಟು ಮೀಟೋದು, ಎಲ್ಲ ನೋಡಿದ್ದೆ. ಯಾಕೆ ಅಂತ ಒಂದು ಸಲವೂ ಕೇಳಿರಲಿಲ್ಲ. ನಾವು ಓದೋ ಹುಡುಗರು, ಅದು ಅವನ ಕೆಲಸ. ಕಾಯಕದ ಮಾತು ಹುಟ್ಟಿದ ಕಲ್ಯಾಣ ನಮ್ಮ ತಾಲ್ಲೂಕು ಕೇಂದ್ರ, ಭಾಷಣ ಸ್ಪರ್ಧೆಯಲ್ಲಿ ಅದರ ಮೇಲೆ ಬಹುಮಾನ ತಗೊಂಡವನು ನಾನು.

ಬ್ರಾಂಟರಿಗೆ ಬರೆಯೋಕೆ ಬರ್ತಿತ್ತು, ಲೆಕ್ಕ ಹಾಕೋಕೆ ಬರ್ತಿತ್ತು, ಛಾಪಿಸೋರು ಇದ್ದರು. ಮುದುಕನ ಹತ್ತಿರ ಇದ್ದದ್ದು ಕೈ, ಅದರ ಎದುರಿಗಿದ್ದ ಓದು ಬಲ್ಲವರು ನಾವು. ಕನ್ನಡದಲ್ಲಿ ಗಾಲಿಯ ಮೇಲೆ ಇಂಥ ಪುಸ್ತಕ ನನ್ನ ಕೈಗೆ ಸಿಗಲಿಲ್ಲ ಅಂದರೆ, ಬರೆದುಕೊಳ್ಳಬೇಕಾದವರಲ್ಲಿ ನಾನೂ ಒಬ್ಬನಿದ್ದೆ. ಸರ್ಕಾರ ಸೈಕಲ್ ಕೊಟ್ಟಿತು, ಜೊತೆಗೆ ಹತ್ತು ರೂಪಾಯಿಯ ಚಾಬಿ ಕೊಟ್ಟು ಮಕ್ಕಳಿಗೆ ಒಂದು ಮಧ್ಯಾಹ್ನ ಇದನ್ನ ಕಲಿಸಿದ್ದರೆ ಎಷ್ಟು ಸೈಕಲ್ ಕೊಟ್ಟಿಗೆ ಸೇರೋದು ತಪ್ತಿತ್ತೋ.

ಪುಸ್ತಕ ಸಿಕ್ಕರೆ ಓದಿ. ಮೊದಲರ್ಧವನ್ನ ನಿಧಾನವಾಗಿ, ಕೈಯಲ್ಲಿ ಒಂದು ಹಳೇ ಗಾಲಿ ಇಟ್ಟುಕೊಂಡು. ಅದಕ್ಕೂ ಮೊದಲು ನಿಮ್ಮೂರಲ್ಲಿ ಗಾಲಿ ಕಟ್ಟೋರು ಇನ್ನೂ ಇದ್ದರೆ ಹೋಗಿ ಪಕ್ಕದಲ್ಲಿ ಕೂತು ಕೇಳಿ. ನಮ್ಮ ಗಾಲಿಯಲ್ಲಿ ಇನ್ನೂ ಸಣ್ಣ ಏರಿಳಿತ ಉಳಿದಿದೆ, ಬ್ರೇಕು ಒಂದು ಕಡೆ ಮೆಲ್ಲಗೆ ಕಚ್ಚುತ್ತೆ. ಸೋಮವಾರ ಚಿಕ್ಕವಳು ಅದರ ಮೇಲೆಯೇ ಶಾಲೆಗೆ ಹೋದಳು. ಚಾಬಿ ಅವಳ ಕಂಪಾಸ್ ಬಾಕ್ಸಿನಲ್ಲಿದೆ.